ನಾಲ್ಕು ತಪ್ಪು, ಒಂದೇ ದೂರು: ಚಿತ್ರಕಲಾ ಕ್ಯಾಟಲಾಗ್ ಒಂದರ ಬಣ್ಣ ಸರಿಪಡಿಸಿದ ಬಗೆ

ಪ್ರೂಫ್ ಹಾಳೆಗಳ, ಅಂದರೆ ಮುದ್ರಣಕ್ಕೆ ಮೊದಲು ಪರೀಕ್ಷೆಗೆ ತೆಗೆಯುವ ಮಾದರಿ ಹಾಳೆಗಳ, ಜೊತೆ ಬಂದ ದೂರು ಒಂದೇ ಸಾಲಿನದು: "ಬಣ್ಣ ಸರಿ ಬಂದಿಲ್ಲ." ಮುದ್ರಣದ ಕೆಲಸದಲ್ಲಿ ಇದಕ್ಕಿಂತ ಸಾಮಾನ್ಯವಾದ ದೂರಿಲ್ಲ, ಇದರಷ್ಟು ನಿರುಪಯುಕ್ತವಾದದ್ದೂ ಇಲ್ಲ. ದೂರು ಒಂದಾದ್ದರಿಂದ ಕಾರಣವೂ ಒಂದೇ ಇರಬೇಕೆಂದು ಎಲ್ಲರೂ ನಂಬಿಬಿಡುತ್ತಾರೆ. ಫೋಟೊ ತೆಗೆದವರು ಪ್ರೆಸ್‌ನವರ ಕಡೆ ಬೊಟ್ಟು ಮಾಡುತ್ತಾರೆ, ಪ್ರೆಸ್‌ನವರು ಫೈಲ್ ಕಡೆ. ಕೊನೆಗೆ ಯಾರೋ ಒಬ್ಬರು ಫೋಟೊಶಾಪ್ ತೆರೆದು ಕಣ್ಣಂದಾಜಿನಲ್ಲಿ ಎಲ್ಲ ಚಿತ್ರಗಳ ಕರ್ವ್ (ಕತ್ತಲು-ಬೆಳಕಿನ ಹೊಂದಿಕೆ) ಮೇಲೆತ್ತುತ್ತಾರೆ. ಎರಡನೇ ಪ್ರೂಫ್ ಬೇರೆ ರೀತಿಯಲ್ಲಿ ಕೆಟ್ಟು ಬರುತ್ತದೆ.

ಇಲ್ಲಿ ತೆಗೆದುಕೊಂಡಿರುವುದು 64 ಪುಟಗಳ ಚಿತ್ರಕಲಾ ಕ್ಯಾಟಲಾಗ್. ಅದರಲ್ಲಿ 42 ಕೃತಿಗಳ ಫೋಟೊಗಳಿವೆ: 37 ತೈಲ ಮತ್ತು ಅಕ್ರಿಲಿಕ್ ವರ್ಣಚಿತ್ರಗಳು, 5 ಇದ್ದಿಲ ರೇಖಾಚಿತ್ರಗಳು. ಮೊದಲ 48 ಪುಟ ಮ್ಯಾಟ್ ಆರ್ಟ್ ಪೇಪರ್. ಲೇಖನ ಮತ್ತು ರೇಖಾಚಿತ್ರಗಳಿರುವ ಕೊನೆಯ 16 ಪುಟ ಕೋಟಿಂಗ್ ಇಲ್ಲದ ಕಾಗದ. ಮುದ್ರಣ ನಾಲ್ಕು ಬಣ್ಣದ ಆಫ್‌ಸೆಟ್. ಇದು ಮಾದರಿಯಾಗಿ ಕಟ್ಟಿಕೊಂಡ ಪ್ರಕರಣ. ಇಂಥ ಕೆಲಸಗಳಲ್ಲಿ ಮತ್ತೆ ಮತ್ತೆ ಎದುರಾಗುವ ತಪ್ಪುಗಳು ಇದರಲ್ಲಿ ಒಟ್ಟಿಗೆ ಕೂತಿವೆ, ಫೈಲ್ ಮತ್ತು ಪ್ರೂಫ್‌ಗಳ ಅಳತೆಗಳೂ ಆ ಮಾದರಿಯವೇ. ಚಿತ್ರಕಲೆಯ ಕ್ಯಾಟಲಾಗ್ ಆರಿಸಿಕೊಳ್ಳಲು ಕಾರಣವಿದೆ. ಭೂದೃಶ್ಯದ ಫೋಟೊದಲ್ಲಿ ಆಕಾಶ ಹೇಗಿತ್ತೆಂಬುದು ನೆನಪಿನ ಮಾತು. ಇಲ್ಲಾದರೆ ಮೂಲ ಕೃತಿ ಪಕ್ಕದಲ್ಲೇ ನಿಂತಿರುತ್ತದೆ, ಅಳೆಯಬಹುದು, ವಾದಕ್ಕೆ ಜಾಗ ಕಡಿಮೆ.

ದೂರನ್ನು ಒಡೆದು ನೋಡುವುದು

ಮೊದಲ ಕೆಲಸ ಪ್ರೂಫ್ ನೋಡುವುದಲ್ಲ, ಪ್ರೂಫ್ ನೋಡುವ ಬೆಳಕನ್ನು ಸರಿಮಾಡುವುದು. ಮೊದಲ ಸಲ ಹಾಳೆಗಳನ್ನು ಬಿಚ್ಚಿದ್ದು ಮಾಮೂಲಿ ಎಲ್‌ಇಡಿ ಟ್ಯೂಬಿನ ಕೆಳಗೆ, ಕಿಟಕಿಯ ಪಕ್ಕ. ಮುದ್ರಿತ ಬಣ್ಣ ನೋಡಲು ಐಎಸ್‌ಒ 3664 ಎಂಬ ಮಾನದಂಡ ಹೇಳುವುದು ಡಿ50 ಎಂಬ, ಹಗಲನ್ನು ಹೋಲುವ ನಿಗದಿತ ಬೆಳಕು, ಕೂಲಂಕಷ ಹೋಲಿಕೆಗೆ 2000 ಲಕ್ಸ್, ಮಾಮೂಲಿ ಪರಿಶೀಲನೆಗೆ 500 ಲಕ್ಸ್. ಶಾಯಿಯ ನೀಲಿ ಮತ್ತು ಕ್ಯಾನ್ವಾಸಿನ ಮೇಲಿನ ಬಣ್ಣದ ನೀಲಿ ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದು ಮಾಮೂಲು. ಎರಡರ ರಾಸಾಯನಿಕ ಬೇರೆ, ಹಾಗಾಗಿ ಬೆಳಕನ್ನು ಹಿಂತಿರುಗಿಸುವ ರೀತಿಯೂ ಬೇರೆ. ಡಿ50 ಬೂತ್‌ನಲ್ಲಿಟ್ಟ ಮೇಲೆ ದೂರಿನ ಒಂದು ಪಾಲು, ಅಂದರೆ ಬಿಳಿ ಹಿನ್ನೆಲೆ ಹಸಿರಾಗಿದೆ ಎಂಬ ಮಾತು, ತಾನೇ ಉದುರಿತು.

ಎರಡನೆಯದಾಗಿ, ಪ್ರೂಫ್ ನಂಬಿಕೆಗೆ ಅರ್ಹವೇ ಎಂದು ನೋಡಬೇಕು. ಪ್ರತಿ ಹಾಳೆಯ ಅಂಚಿನಲ್ಲಿ ಫೋಗ್ರಾ ಮೀಡಿಯಾ ವೆಡ್ಜ್ ಎಂಬ ಪಟ್ಟಿ ಇತ್ತು, 72 ಬಣ್ಣದ ಚೌಕಗಳದು. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಓದಿದಾಗ ಅದು ಪ್ರೂಫ್‌ಗಳ ಮಾನದಂಡವಾದ ಐಎಸ್‌ಒ 12647-7ರ ಮಿತಿಯೊಳಗೇ ಇತ್ತು. ಅಂದರೆ ಪ್ರೂಫರ್ ತನಗೆ ಕೊಟ್ಟ ಅಂಕಿಗಳನ್ನು ಸರಿಯಾಗಿಯೇ ಮುದ್ರಿಸಿದೆ. ಅಂಕಿಗಳೇ ತಪ್ಪು. ಈ ಪಟ್ಟಿಯಿಲ್ಲದ ಪ್ರೂಫ್ ಬಂದರೆ ಅದನ್ನು ಬರಿಯ ಬಣ್ಣದ ಜೆರಾಕ್ಸ್ ಎಂದೇ ಭಾವಿಸಬೇಕು. ಅದರ ಮೇಲೆ ತಿದ್ದುಪಡಿ ಬರೆಯುವುದು ದಂಡ.

ಆಮೇಲೆ ಹಾಳೆಗಳನ್ನು ಮೂಲ ಕೃತಿಗಳ ಜೊತೆಗಿಟ್ಟು, ದೋಷದ ಬಗೆಗೆ ತಕ್ಕಂತೆ ಗುಂಪು ಮಾಡಲಾಯಿತು. ಇಡೀ ತನಿಖೆಯ ತಿರುಳು ಇರುವುದು ಇಲ್ಲೇ. ಎಲ್ಲ ಬಣ್ಣಗಳೂ, ಬೂದು ಕೂಡ, ಒಂದೇ ಸಮ ಕಪ್ಪೇರಿದ್ದರೆ ಸಂಶಯ ಹೋಗಬೇಕಾದ್ದು ತಿದ್ದಿದವರ ಸ್ಕ್ರೀನ್ ಮೇಲೆ. ಬೂದು ಸರಿಯಿದ್ದು ಗಾಢ ಬಣ್ಣಗಳು ಮಾತ್ರ ಸಪ್ಪೆಯಾಗಿದ್ದರೆ ಆರ್‌ಜಿಬಿ ಪ್ರೊಫೈಲ್, ಅಂದರೆ ಫೈಲಿನ ಕೆಂಪು-ಹಸಿರು-ನೀಲಿ ಅಂಕಿಗಳನ್ನು ಹೇಗೆ ಓದಬೇಕೆಂಬ ಚೀಟಿ, ಕಳೆದುಹೋಗಿದೆ. ಬೂದುವೇ ಒಂದು ಕಡೆ ವಾಲಿದ್ದರೆ ಫೋಟೊ ತೆಗೆದ ಬೆಳಕನ್ನೋ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ) ಪರಿವರ್ತನೆಯನ್ನೋ ನೋಡಬೇಕು. ಉಳಿದೆಲ್ಲ ಸರಿಯಿದ್ದು ಒಂದೇ ಒಂದು ಬಣ್ಣ ಹಟ ಮಾಡುತ್ತಿದ್ದರೆ ಅದು ಶಾಯಿಯ ವ್ಯಾಪ್ತಿಯಾಚೆ ನಿಂತಿದೆ. ಈ ಕ್ಯಾಟಲಾಗಿನಲ್ಲಿ ನಾಲ್ಕೂ ಇದ್ದವು. ಕೆಲವು ಪುಟಗಳಲ್ಲಿ ಒಂದರ ಮೇಲೊಂದು.

ಕಪ್ಪೇರಿದ ಚಿತ್ರಗಳು

ವರ್ಣಚಿತ್ರಗಳು ಮೂವತ್ತೇಳೂ ಮೂಲಕ್ಕಿಂತ ಕಪ್ಪಾಗಿದ್ದವು. ಇಲ್ಲಿ ಕೈಹಿಡಿದದ್ದು ಫೋಟೊ ತೆಗೆಯುವಾಗ ಪಾಲಿಸಿದ್ದ ಒಂದು ಒಳ್ಳೆಯ ಅಭ್ಯಾಸ: ಪ್ರತಿ ಬಾರಿ ಬೆಳಕು ಹೊಂದಿಸಿದಾಗಲೂ ಒಂದು ಫ್ರೇಮಿನಲ್ಲಿ 24 ಚೌಕಗಳ ಕಲರ್‌ಚೆಕರ್ ಚಾರ್ಟ್ ಇತ್ತು. ಆ ಚಾರ್ಟಿನ ಕೆಳಸಾಲಿನ ಆರು ಬೂದು ಚೌಕಗಳು ಎಸ್‌ಆರ್‌ಜಿಬಿಯಲ್ಲಿ (ಸ್ಕ್ರೀನುಗಳ ಸಾಮಾನ್ಯ ಬಣ್ಣದ ಅಳತೆ; 0 ಕಪ್ಪು, 255 ಬಿಳಿ) ಸುಮಾರಾಗಿ 243, 200, 160, 122, 85, 52 ಎಂದು ಓದಬೇಕು. ವರ್ಣಚಿತ್ರಕ್ಕೆ ಮಾಡಿದ್ದ ರಾ (ಕ್ಯಾಮೆರಾದ ಮೂಲ ಫೈಲ್) ತಿದ್ದುಪಡಿಗಳನ್ನೇ ಚಾರ್ಟ್ ಇದ್ದ ಫ್ರೇಮಿಗೂ ನಕಲು ಮಾಡಿ ಓದಿದಾಗ 122 ಇರಬೇಕಾದ ಚೌಕ 94 ತೋರಿಸಿತು. ಕಣ್ಣಿಗೆ ಕಾಣುವ ಬಣ್ಣವನ್ನು ಅಂಕಿಯಲ್ಲಿ ಹೇಳುವ ಲ್ಯಾಬ್ ಅಳತೆಯ ಪ್ರಕಾರ ಎಲ್ (ತಿಳಿ-ಕಪ್ಪಿನ ಮಟ್ಟ) 51 ಇದ್ದದ್ದು 40ಕ್ಕೆ ಇಳಿದಿದೆ. ಕ್ಯಾಮೆರಾದಿಂದ ಬಂದ ಹಾಗೆಯೇ ಇಟ್ಟಿದ್ದರೆ 120ರ ಆಸುಪಾಸು ಇರುತ್ತಿತ್ತು. ಕತ್ತಲು ಬಂದದ್ದು ತಿದ್ದುವ ಕೈಯಿಂದ.

ಕೈ ತಪ್ಪಿದ್ದೇಕೆ? ಸ್ಕ್ರೀನ್ ಅಳೆದಾಗ ಅದರ ಬಿಳಿ ಚದರ ಮೀಟರಿಗೆ 260 ಕ್ಯಾಂಡೆಲಾ ಇತ್ತು. ಅಷ್ಟು ಬೆಳಗುವ ಸ್ಕ್ರೀನಿನಲ್ಲಿ ಸರಿಯಾದ ಚಿತ್ರವೂ ಬಿಳಚಿಕೊಂಡು ಕಾಣುತ್ತದೆ, ತಿದ್ದುವವರು ಅದನ್ನು ತಗ್ಗಿಸುತ್ತಾ ಹೋಗುತ್ತಾರೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಹೊಳಪು ಎಷ್ಟೆಂದು ಲೆಕ್ಕ ಹಾಕುವುದು ಸುಲಭ: ಕಾಗದದ ಮೇಲೆ ಬೀಳುವ ಲಕ್ಸನ್ನು ಕಾಗದದ ಪ್ರತಿಫಲನದಿಂದ ಗುಣಿಸಿ 3.14ರಿಂದ ಭಾಗಿಸಿದರೆ ಆಯಿತು. 500 ಲಕ್ಸ್ ಬೆಳಕಿನಲ್ಲಿ, 85 ಶೇಕಡಾ ಬೆಳಕು ಹಿಂತಿರುಗಿಸುವ ಕಾಗದ ಸುಮಾರು 135 ಕ್ಯಾಂಡೆಲಾ ಕೊಡುತ್ತದೆ. 400 ಲಕ್ಸ್ ಇದ್ದರೆ 108. ಜನ ಪುಸ್ತಕ ಬಿಡಿಸಿ ನೋಡುವ ಬೆಳಕು ಬಹಳಷ್ಟು ಸಲ ಇದಕ್ಕೂ ಕಡಿಮೆಯೇ. 260ರ ಸ್ಕ್ರೀನ್ 100ರ ಸ್ಕ್ರೀನಿಗಿಂತ ಸುಮಾರು 1.4 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಗುತ್ತದೆ. ಈ ಅಂತರವೇ ಪ್ರೂಫಿನಲ್ಲಿ ಕತ್ತಲಾಗಿ ಕೂತಿದ್ದು.

ಇಂಥ ಸಂದರ್ಭದಲ್ಲಿ ಫೈಲುಗಳ ಕರ್ವ್ ಎತ್ತಿ ಕಳಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸ್ಕ್ರೀನನ್ನು ಅರ್ಧ ಗಂಟೆ ಕಾಯಿಸಿ, ಕ್ಯಾಲಿಬ್ರೇಟರ್ ಹಚ್ಚಿ, ಹೊಳಪು 110 ಕ್ಯಾಂಡೆಲಾಗೆ, ಗಾಮಾ 2.2ಕ್ಕೆ ಹೊಂದಿಸಲಾಯಿತು. ಬಿಳಿಯನ್ನು ಡಿ65ರಿಂದ, ಅಂದರೆ ಸುಮಾರು 6500 ಕೆಲ್ವಿನ್‌ನಿಂದ, ಶುರುಮಾಡಿ, ಬೂತ್‌ನಲ್ಲಿಟ್ಟ ಖಾಲಿ ಆರ್ಟ್ ಪೇಪರಿನ ಪಕ್ಕದಲ್ಲಿ ಸ್ಕ್ರೀನಿನ ಬಿಳಿ ನೀಲಿಯಾಗಿ ಕಾಣುತ್ತಿದ್ದರಿಂದ ಹಂತಹಂತವಾಗಿ 5800 ಕೆಲ್ವಿನ್‌ಗೆ ಇಳಿಸಲಾಯಿತು. ಪುಸ್ತಕದ ಅಂಕಿ 5000 ಎಂದಿದ್ದರೂ ಇಲ್ಲಿ ಕಣ್ಣಿನ ಮಾತು ಕೇಳುವುದೇ ಲೇಸು: ಸ್ಕ್ರೀನಿನ ಬಿಳಿ ಮತ್ತು ಕಾಗದದ ಬಿಳಿ ಒಂದೇ ಅನ್ನಿಸಬೇಕು, ಅಷ್ಟೆ. ಬೂತ್‌ನ ಬೆಳಕನ್ನೂ ಸ್ಕ್ರೀನಿನ ಹೊಳಪಿಗೆ ಸರಿದೂಗುವಷ್ಟು ತಗ್ಗಿಸಿಕೊಳ್ಳಬೇಕು. 2000 ಲಕ್ಸಿನಲ್ಲಿ ಕಾಗದವೇ 540 ಕ್ಯಾಂಡೆಲಾ ಆಗುತ್ತದೆ, ಆಗ ಯಾವ ಸ್ಕ್ರೀನೂ ಕಪ್ಪಾಗಿಯೇ ಕಾಣುತ್ತದೆ.

ಫೈಲುಗಳ ಟೋನ್ ತಿದ್ದುಪಡಿಗಳನ್ನೆಲ್ಲ ಕಳಚಿ, ಚಾರ್ಟಿನ ಬೂದು ಸಾಲು ತನ್ನ ಅಂಕಿಗೆ ಬರುವಂತೆ ರಾ ಫೈಲುಗಳನ್ನು ಮತ್ತೆ ತೆರೆಯಲಾಯಿತು. ಕೃತಿಯ ಮರುಮುದ್ರಣದಲ್ಲಿ ಕಾಂಟ್ರಾಸ್ಟ್ ಎಷ್ಟು ಚೆಂದ ಎಂಬ ಪ್ರಶ್ನೆಗೆ ಜಾಗವಿಲ್ಲ. ಚಾರ್ಟ್ ಹೇಳಿದಷ್ಟೇ.

ಸಪ್ಪೆಯಾದ ಹನ್ನೊಂದು

ಹನ್ನೊಂದು ಚಿತ್ರಗಳಲ್ಲಿ ಕೆಂಪು ಮತ್ತು ಹಸಿರು ಸತ್ತುಹೋಗಿದ್ದವು. ಅದೇ ಚಿತ್ರಗಳ ಬೂದು ಗೋಡೆ, ಬಿಳಿ ಅಂಚು, ಕಪ್ಪು ರೇಖೆಗಳಿಗೆ ಕತ್ತಲೊಂದನ್ನು ಬಿಟ್ಟರೆ ಬೇರೆ ಏನೂ ಆಗಿರಲಿಲ್ಲ. ಈ ಗುರುತು ಸಿಕ್ಕಿದ ಮೇಲೆ ಹೆಚ್ಚು ಹುಡುಕಬೇಕಿಲ್ಲ. ಫೈಲುಗಳು ಎಸ್‌ಆರ್‌ಜಿಬಿಗಿಂತ ವಿಶಾಲವಾದ ಅಡೋಬಿ ಆರ್‌ಜಿಬಿಯಲ್ಲಿ ತಯಾರಾಗಿದ್ದವು, ಉಳಿಸುವಾಗ ಪ್ರೊಫೈಲ್ ಸೇರಿಸುವ ಚೌಕಕ್ಕೆ ಗುರುತು ಹಾಕಿರಲಿಲ್ಲ. ಪುಟ ವಿನ್ಯಾಸದ ತಂತ್ರಾಂಶಕ್ಕೆ ಪ್ರೊಫೈಲ್ ಇಲ್ಲದ ಫೈಲ್ ಸಿಕ್ಕಿತು. ಅದು ತನ್ನ ಡೀಫಾಲ್ಟ್ ಆದ ಎಸ್‌ಆರ್‌ಜಿಬಿ ಎಂದೇ ಓದಿಕೊಂಡಿತು.

ಅಂಕಿಯಲ್ಲಿ ನೋಡಿ. ಎಸ್‌ಆರ್‌ಜಿಬಿಯ ಅಪ್ಪಟ ಕೆಂಪು 255, 0, 0. ಅದೇ ಬಣ್ಣವನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಅಪ್ಪಟ ಹಸಿರು 0, 255, 0 ಆಗಿದ್ದದ್ದು 144, 255, 60 ಆಗುತ್ತದೆ. ಪ್ರೊಫೈಲ್ ಎಂಬ ಚೀಟಿ ಇಲ್ಲದಿದ್ದರೆ 219 ಎಂಬುದನ್ನು ಎಸ್‌ಆರ್‌ಜಿಬಿಯ 219 ಎಂದೇ ಓದಲಾಗುತ್ತದೆ, ಕೆಂಪು ಮಂಕಾಗುತ್ತದೆ. ಹಸಿರಿಗೆ 144ರಷ್ಟು ಕೆಂಪು ಬೆರೆತು ಹಳದಿ ಹೊಡೆಯುತ್ತದೆ. ಆದರೆ ಮೂರೂ ಅಂಕಿ ಸಮವಿರುವ ಬೂದು ಎರಡರಲ್ಲೂ ಹೆಚ್ಚುಕಡಿಮೆ ಅದೇ ಬೂದು. ಅದಕ್ಕೇ ಅದು ಬದಲಾಗಲಿಲ್ಲ. ಉಲ್ಟಾ ಆಗಿ, ಎಸ್‌ಆರ್‌ಜಿಬಿ ಫೈಲನ್ನು ಅಡೋಬಿ ಆರ್‌ಜಿಬಿ ಎಂದು ಓದಿದರೆ ಮುಖಗಳು ಬಿಸಿಲಿಗೆ ಸುಟ್ಟ ಹಾಗೆ ಕೆಂಪೇರುತ್ತವೆ. ಅದೂ ಇದೇ ತಪ್ಪಿನ ಇನ್ನೊಂದು ಮುಖ.

ಸರಿಪಡಿಸಲು ಸ್ಯಾಚುರೇಷನ್ ಮುಟ್ಟಬೇಕಿಲ್ಲ. ಫೋಟೊಶಾಪಿನಲ್ಲಿ ಅಸೈನ್ ಪ್ರೊಫೈಲ್ ಕೊಟ್ಟು ಅಡೋಬಿ ಆರ್‌ಜಿಬಿ ಆರಿಸಿದರೆ ಅಂಕಿಗಳು ಹಾಗೇ ಉಳಿದು ಅರ್ಥ ಮಾತ್ರ ಸರಿಯಾಗುತ್ತದೆ. ಇಲ್ಲಿ ಕನ್ವರ್ಟ್ ಟು ಪ್ರೊಫೈಲ್ ಒತ್ತಿದರೆ ಕೆಟ್ಟ ಅರ್ಥವನ್ನೇ ಹೊಸ ಅಂಕಿಯಲ್ಲಿ ಶಾಶ್ವತವಾಗಿ ಬರೆದ ಹಾಗಾಗುತ್ತದೆ. ಅಸೈನ್ ಎಂದರೆ ಭಾಷೆ ಯಾವುದೆಂದು ಹೇಳುವುದು, ಕನ್ವರ್ಟ್ ಎಂದರೆ ಇನ್ನೊಂದು ಭಾಷೆಗೆ ಅನುವಾದಿಸುವುದು. ಈ ಎರಡನ್ನು ಅದಲುಬದಲು ಮಾಡಿಕೊಂಡು ಹಾಳಾದ ಫೈಲುಗಳು ಎಷ್ಟೋ.

ನೀಲಿ

ಈ ಎರಡು ಸರಿಯಾದ ಮೇಲೂ ಒಂದು ಚಿತ್ರ ಹಟ ಬಿಡಲಿಲ್ಲ. ಅದರ ಮುಕ್ಕಾಲು ಭಾಗ ಅಲ್ಟ್ರಾಮರೀನ್ ನೀಲಿ, ದಪ್ಪ ಕುಂಚದ ಗೀರುಗಳಿರುವ ಬಯಲು. ಪ್ರೂಫಿನಲ್ಲಿ ಅದು ನೇರಳೆಯಾಗಿತ್ತು, ಕುಂಚದ ಗೀರುಗಳೂ ಮಾಯವಾಗಿ ಬಯಲೆಲ್ಲ ಒಂದೇ ಸಮ ಮೆತ್ತಿದ ಹಾಗಿತ್ತು. ಕೃತಿಯ ಒಂದು ಜಾಗವನ್ನು ಆರಿಸಿ, ಅದೇ ಜಾಗವನ್ನು ಪ್ರತಿ ಹಂತದಲ್ಲೂ ಅಳೆಯಲಾಯಿತು.

ಕ್ಯಾನ್ವಾಸಿನ ಮೇಲೆ ಆ ನೀಲಿ ಲ್ಯಾಬ್‌ನಲ್ಲಿ ಎಲ್ 32, ಎ 18, ಬಿ −57. ಫೈಲಿನಲ್ಲಿ ಎಲ್ 33, ಎ 27, ಬಿ −60. ಬಿ ಅಂಕಿ ಇಳಿದಷ್ಟೂ ಬಣ್ಣ ನೀಲಿಯ ಕಡೆ, ಎ ಅಂಕಿ ಹೆಚ್ಚಾದಷ್ಟೂ ಕೆಂಪಿನ ಕಡೆ ವಾಲುತ್ತದೆ, ಅಂದರೆ ಮುದ್ರಣಕ್ಕೆ ಹೋಗುವ ಮೊದಲೇ ನೇರಳೆ ಬೆರೆತಾಗಿದೆ. ಇದು ಕ್ಯಾಮೆರಾದ ಕೊಡುಗೆ. ಅಲ್ಟ್ರಾಮರೀನ್, ಕೋಬಾಲ್ಟ್‌ನಂಥ ನೀಲಿಗಳು ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಡುಗೆಂಪಿನ ಅಂಚಿನಲ್ಲಿಯೂ ಬೆಳಕನ್ನು ಹಿಂತಿರುಗಿಸುತ್ತವೆ. ಕಣ್ಣು ಅದನ್ನು ಲೆಕ್ಕಕ್ಕಿಡುವುದಿಲ್ಲ. ಸೆನ್ಸರಿನ ಕೆಂಪು ಫಿಲ್ಟರ್ ಇಡುತ್ತದೆ. 24 ಚೌಕಗಳ ಚಾರ್ಟಿನಿಂದ ಮಾಡಿದ ಕ್ಯಾಮೆರಾ ಪ್ರೊಫೈಲ್ ಇದನ್ನು ಪೂರ್ತಿ ಸರಿಮಾಡಲಾರದು, ಏಕೆಂದರೆ ಚಾರ್ಟಿನ ನೀಲಿ ಈ ವರ್ಣದ್ರವ್ಯದಿಂದ ಮಾಡಿದ್ದಲ್ಲ.

ಪ್ರೂಫಿನಲ್ಲಿ ಅದೇ ಜಾಗ: ಎಲ್ 27, ಎ 21, ಬಿ −46. ಇದಕ್ಕಿಂತ ಗಾಢ ನೀಲಿ ಆಫ್‌ಸೆಟ್‌ಗೆ ಸಾಧ್ಯವೇ ಇಲ್ಲ ಎನ್ನಬಹುದು. ಕೋಟೆಡ್ ಕಾಗದದ ಮೇಲೆ ಸಯಾನ್ ಒಂದೇ ಪೂರ್ತಿ ಬಿದ್ದರೆ ಎಲ್ 55, ಎ −37, ಬಿ −50ರ ಸುತ್ತ. ಅದರ ಮೇಲೆ ಮಜೆಂಟಾ ಕೂಡ ಪೂರ್ತಿ ಬಿದ್ದರೆ ಎಲ್ 25, ಎ 20, ಬಿ −46ರ ಸುತ್ತ. ಮುದ್ರಣದ ನೀಲಿಯ ಕೊನೆಯ ಮೂಲೆ ಅದು. ಪರಿವರ್ತನೆಯಾದ ಫೈಲಿನಲ್ಲಿ ಆ ಜಾಗ ಸಯಾನ್ 96, ಮಜೆಂಟಾ 94 ಎಂದಿತ್ತು, ನೇರ ಮೂಲೆಗೇ ಹೋಗಿ ಒರಗಿದೆ. ಸಾಲದ್ದಕ್ಕೆ ಲ್ಯಾಬ್‌ನದ್ದೇ ಒಂದು ಐಬು ಇಲ್ಲಿ ಕೈಕೊಡುತ್ತದೆ: ನೀಲಿಯ ಭಾಗದಲ್ಲಿ ವರ್ಣಕೋನವನ್ನು ಹಾಗೇ ಇಟ್ಟು ಗಾಢತೆಯನ್ನು ಮಾತ್ರ ಕಡಿಮೆ ಮಾಡಿದರೆ, ಅಂಕಿಯ ಪ್ರಕಾರ ಅದೇ ನೀಲಿ, ಕಣ್ಣಿಗೆ ಮಾತ್ರ ನೇರಳೆ.

ಕುಂಚದ ಗೀರು ಮಾಯವಾದದ್ದಕ್ಕೆ ಕಾರಣ ರೆಂಡರಿಂಗ್ ಇಂಟೆಂಟ್, ಅಂದರೆ ವ್ಯಾಪ್ತಿಯಾಚೆಗಿನ ಬಣ್ಣಗಳನ್ನು ಏನು ಮಾಡಬೇಕೆಂಬ ಆಯ್ಕೆ. ರಿಲೇಟಿವ್ ಕಲರಿಮೆಟ್ರಿಕ್ ಆರಿಸಿದಾಗ, ಶಾಯಿಯ ವ್ಯಾಪ್ತಿಯಾಚೆ ಇರುವ ಬಣ್ಣಗಳೆಲ್ಲ ಹತ್ತಿರದ ಅಂಚಿಗೆ ಬಂದು ನಿಲ್ಲುತ್ತವೆ. ಗೀರಿನ ಏರು, ಇಳಿವು, ನಡುವಿನ ಮೂರು ಬೇರೆಬೇರೆ ನೀಲಿಗಳನ್ನು ಇನ್ಫೋ ಪ್ಯಾಲೆಟ್ಟಿನಲ್ಲಿ ಓದಿದರೆ ಮೂರೂ ಕಡೆ ಸಯಾನ್ 96ರಿಂದ 98, ಮಜೆಂಟಾ 92ರಿಂದ 94. ಪ್ಲೇಟಿಗೆ ಹೋದರೆ ಇವು ಒಂದೇ ಬಣ್ಣ. ಪರ್ಸೆಪ್ಚುವಲ್ ಆರಿಸಿದರೆ ಗೀರುಗಳು ಉಳಿಯುತ್ತವೆ, ಆದರೆ ಜಾಗ ಮಾಡಿಕೊಡಲು ಇಡೀ ಚಿತ್ರ ಕುಗ್ಗುತ್ತದೆ, ವ್ಯಾಪ್ತಿಯೊಳಗೇ ಇದ್ದ ಕಾವಿ ಮತ್ತು ಬೂದು ಬಣ್ಣಗಳೂ ಕದಲುತ್ತವೆ. ಕೃತಿಯ ಮರುಮುದ್ರಣಕ್ಕೆ ಅದು ಒಪ್ಪುವ ಮಾತಲ್ಲ.

ಮಾಡಿದ್ದು ಹೀಗೆ. ಸಾಫ್ಟ್ ಪ್ರೂಫ್ (ಮುದ್ರಣ ಹೇಗೆ ಬರುವುದೆಂದು ಸ್ಕ್ರೀನಿನಲ್ಲೇ ತೋರಿಸುವ ನೋಟ) ಚಾಲೂ ಇಟ್ಟುಕೊಂಡೇ, ಆರ್‌ಜಿಬಿ ಫೈಲಿನಲ್ಲಿ ನೀಲಿ ಬಯಲಿಗೆ ಮಾತ್ರ ಮಾಸ್ಕ್ ಹಾಕಿ, ಹ್ಯೂ ಅನ್ನು −7, ಅಂದರೆ ಸಯಾನ್ ಕಡೆಗೆ ಸರಿಸಲಾಯಿತು. ಸ್ಯಾಚುರೇಷನ್ −14. ಇಷ್ಟು ಇಳಿಸಿದಾಗ ಮೂರು ನೀಲಿಗಳೂ ಅಂಚಿನಿಂದ ಒಳಕ್ಕೆ ಬಂದು, ಪರಿವರ್ತನೆಯ ನಂತರವೂ ಒಂದರಿಂದೊಂದು ಬೇರೆಯಾಗಿ ಉಳಿದವು. ಮಾಸ್ಕ್ ಇಲ್ಲದೆ ಇಡೀ ಚಿತ್ರಕ್ಕೆ ಇದನ್ನು ಹಾಕಿದ್ದರೆ ಮೂಲೆಯಲ್ಲಿದ್ದ ನಿಜವಾದ ನೇರಳೆ ನೆರಳೂ ನೀಲಿಯಾಗುತ್ತಿತ್ತು. ಆಮೇಲೆ ರಿಲೇಟಿವ್ ಕಲರಿಮೆಟ್ರಿಕ್, ಫೈಲಿನ ಕಪ್ಪನ್ನು ಮುದ್ರಣದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಜೊತೆಗೆ. ಈ ಕೊನೆಯದನ್ನು ಮರೆತರೆ ನೆರಳಿನ ವಿವರಗಳೂ ನೀಲಿಯ ಗೀರುಗಳ ಹಾಗೆಯೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹೊಸ ಅಂಕಿ ಸಯಾನ್ 98, ಮಜೆಂಟಾ 78. ನೀಲಿ ನೀಲಿಯಾಗಿ ಉಳಿಯಬೇಕಾದರೆ ಮಜೆಂಟಾ ಸಯಾನ್‌ಗಿಂತ 30 ಕಡಿಮೆ ಇರಬೇಕು ಎಂಬುದು ಪ್ರೆಸ್‌ಗಳಲ್ಲಿ ಕೇಳುವ ಮಾತು. ಲೋಗೋ, ಹಿನ್ನೆಲೆಗಳಿಗೆ ಅದು ಸರಿ. ಅಲ್ಟ್ರಾಮರೀನ್ ಹುಟ್ಟಾ ಸ್ವಲ್ಪ ನೇರಳೆಯ ಕಡೆ ವಾಲಿದ ಬಣ್ಣ, ಅಂತರ 30 ಇಟ್ಟರೆ ಅದು ಬೇರೆಯೇ ನೀಲಿಯಾಗುತ್ತದೆ. ಇಲ್ಲಿ 20 ಸಾಕಾಯಿತು.

ಎರಡನೇ ಪ್ರೂಫಿನಲ್ಲಿ ಆ ಜಾಗ ಎಲ್ 29, ಎ 11, ಬಿ −48. ಈಗ ಒಂದು ಲೆಕ್ಕ ಹಾಕಿ ನೋಡುವಂಥದ್ದಿದೆ. ಮೂಲ ಕೃತಿಗೂ ಮೊದಲ ಪ್ರೂಫಿಗೂ ಇದ್ದ ಅಂತರ, 1976ರ ಡೆಲ್ಟಾ ಇ ಸೂತ್ರದಲ್ಲಿ, 12.4. ಎರಡನೆಯದಕ್ಕೆ 11.8. ಅಂಕಿಯಲ್ಲಿ ಇದು ಲೆಕ್ಕಕ್ಕೇ ಬಾರದ ಸುಧಾರಣೆ. ಕಣ್ಣಿಗೆ ಮಾತ್ರ ಮೊದಲನೆಯದು ತಪ್ಪು ಬಣ್ಣ, ಎರಡನೆಯದು ಅದೇ ಬಣ್ಣ, ತುಸು ಮಂದ. ವ್ಯಾಪ್ತಿಯಾಚೆಗಿನ ಬಣ್ಣದಲ್ಲಿ ಡೆಲ್ಟಾ ಇ ಎಷ್ಟು ದೂರ ಎಂದು ಹೇಳುತ್ತದೆ, ಯಾವ ದಿಕ್ಕಿಗೆ ಎಂದು ಹೇಳುವುದಿಲ್ಲ. ಗಾಢತೆಯಲ್ಲಿ ಸೋತ ನೀಲಿಯನ್ನು ನೋಡುಗರು ಕ್ಷಮಿಸುತ್ತಾರೆ, ನೇರಳೆಯಾದ ನೀಲಿಯನ್ನಲ್ಲ. ಇದನ್ನು ಕಲಾವಿದರಿಗೆ ಮೊದಲೇ, ಸ್ಕ್ರೀನಿನ ಮೇಲೆ ಸಾಫ್ಟ್ ಪ್ರೂಫ್ ಜೊತೆ ತೋರಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ಕ್ಯಾನ್ವಾಸಿನ ನೀಲಿ ಪುಸ್ತಕದಲ್ಲಿ ಬರಲೇಬೇಕೆಂದರೆ ದಾರಿ ಒಂದೇ, ಐದನೆಯ ಶಾಯಿ. ಅದು ಈ ಕೆಲಸದ ವ್ಯಾಪ್ತಿಯಲ್ಲಿರಲಿಲ್ಲ.

ಕ್ಯಾಡ್ಮಿಯಂ ಕಿತ್ತಳೆ ಇದ್ದ ಎರಡು ಚಿತ್ರಗಳಿಗೂ ಇದೇ ಕ್ರಮ, ಅಲ್ಲಿ ಕಷ್ಟ ಕಡಿಮೆ. ಕಿತ್ತಳೆ ಕುಗ್ಗಿದರೂ ಕಿತ್ತಳೆಯಾಗಿಯೇ ಕಾಣುತ್ತದೆ. ಸಯಾನ್ 2, 3 ಶೇಕಡಾ ಕೂಡ ಒಳಗೆ ನುಸುಳದಂತೆ ನೋಡಿಕೊಂಡರೆ ಅರ್ಧ ಗೆದ್ದ ಹಾಗೆ. ಅಷ್ಟು ಸಯಾನ್ ಸಾಕು ಕಿತ್ತಳೆ ಕೊಳೆಯಾಗಲು.

ಇದ್ದಿಲ ರೇಖಾಚಿತ್ರಗಳು, ಎರಡು ಕಾಗದ

ಮೊದಲ ಪ್ರೂಫಿಗೆ ಎಲ್ಲ 64 ಪುಟಗಳೂ ಐಎಸ್‌ಒ ಕೋಟೆಡ್ ವಿ2 ಪ್ರೊಫೈಲಿನಲ್ಲಿ, ಅಂದರೆ ಕೋಟೆಡ್ ಕಾಗದದ ಹಳೆಯ ಮುದ್ರಣ ಮಾನದಂಡವಾದ ಫೋಗ್ರಾ39ರ ಲೆಕ್ಕದಲ್ಲಿ ಪರಿವರ್ತನೆಯಾಗಿದ್ದವು. ತಂತ್ರಾಂಶದಲ್ಲಿ ಯಾವಾಗಲೋ ಇಟ್ಟ ಸೆಟ್ಟಿಂಗ್, ಯಾರೂ ತಿರುಗಿ ನೋಡಿರಲಿಲ್ಲ. ಪ್ರೆಸ್ ಮುದ್ರಿಸುತ್ತಿದ್ದದ್ದು ಆರ್ಟ್ ಪೇಪರಿಗೆ ಫೋಗ್ರಾ51, ಕೋಟಿಂಗ್ ಇಲ್ಲದ್ದಕ್ಕೆ ಫೋಗ್ರಾ52. ಆರ್ಟ್ ಪೇಪರಿನಲ್ಲಿ ವ್ಯತ್ಯಾಸ ಸಣ್ಣದು. ಹೊಳಪುಕಾರಕ ಬೆರೆಸಿದ ಈಗಿನ ಕಾಗದದ ಬಿಳಿ ಹೆಚ್ಚು ನೀಲಿ: ಹಳೆಯ ಲೆಕ್ಕದಲ್ಲಿ ಬಿ −2 ಇದ್ದದ್ದು ಹೊಸದರಲ್ಲಿ −6. ಇನ್ನೊಂದು ಕಾಗದದಲ್ಲಿ ಮಾತ್ರ ಅನಾಹುತ. ಐಎಸ್‌ಒ ಕೋಟೆಡ್ ವಿ2 ಒಂದೇ ಜಾಗದಲ್ಲಿ ನಾಲ್ಕೂ ಸೇರಿ 330 ಶೇಕಡಾವರೆಗೆ ಶಾಯಿ ಬಿಡುತ್ತದೆ. ಹೀರುವ ಕಾಗದದ ಮೇಲೆ ಅಷ್ಟು ಬಿದ್ದರೆ ಒಣಗದೆ ಎದುರು ಹಾಳೆಗೆ ಅಂಟುತ್ತದೆ. 50 ಶೇಕಡಾ ಚುಕ್ಕೆ ಆರ್ಟ್ ಪೇಪರಿನಲ್ಲಿ ಹಿಗ್ಗಿ 66 ಆದರೆ ಇಲ್ಲಿ 72 ಆಗುತ್ತದೆ, ಮಧ್ಯದ ಬೂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಇದ್ದಿಲ ಗೀಟುಗಳು ಮಸಿ ಚೆಲ್ಲಿದ ಹಾಗೆ ಕಂಡದ್ದು ಅದಕ್ಕೇ.

ಸಿಎಂವೈಕೆ ಫೈಲುಗಳನ್ನೇ ಇನ್ನೊಂದು ಸಿಎಂವೈಕೆಗೆ ತಿರುಗಿಸುವ ಆಸೆ ಆಗುತ್ತದೆ. ಬೇಡ. ಮೊದಲ ಪರಿವರ್ತನೆಯಲ್ಲಿ ಕಳೆದದ್ದು ಮರಳಿ ಬರುವುದಿಲ್ಲ, ಜೊತೆಗೆ ಬರಿಯ ಕಪ್ಪಿನಲ್ಲಿದ್ದ ಅಕ್ಷರಗಳು ನಾಲ್ಕು ಬಣ್ಣಕ್ಕೆ ಒಡೆದು ಹೋಗುತ್ತವೆ. ಎಲ್ಲವನ್ನೂ ಆರ್‌ಜಿಬಿ ಮೂಲದಿಂದ ಮತ್ತೆ ಮಾಡಲಾಯಿತು. ಪ್ರೆಸ್‌ಗೆ ಕಳಿಸುವ ಒಂದು ಪಿಡಿಎಫ್/ಎಕ್ಸ್-4 ಫೈಲಿನಲ್ಲಿ ಒಂದೇ ಮುದ್ರಣ ಸ್ಥಿತಿಯನ್ನು ನಮೂದಿಸಬಹುದಾದ್ದರಿಂದ 48 ಪುಟಕ್ಕೊಂದು, 16 ಪುಟಕ್ಕೊಂದು, ಎರಡು ಫೈಲ್.

ರೇಖಾಚಿತ್ರಗಳಿಗೆ ಇನ್ನೊಂದು ತೊಡಕು. ಸಯಾನ್ 50, ಮಜೆಂಟಾ 40, ಹಳದಿ 40 ಸೇರಿದರೆ ಹೆಚ್ಚುಕಡಿಮೆ ಬೂದು ಬರುತ್ತದೆ, ಆದರೆ ಯಂತ್ರದಲ್ಲಿ ಮಜೆಂಟಾ 3 ಶೇಕಡಾ ಏರಿದರೂ ಆ ಬೂದು ಗುಲಾಬಿಯಾಗುತ್ತದೆ. ಹಾಗಾಗಿ ಇವಕ್ಕೆ ಹೆಚ್ಚಿನ ಜಿಸಿಆರ್ (ಬಣ್ಣದ ಶಾಯಿಗಳ ಬೂದಿಗೆ ಬದಲು ಕಪ್ಪು ಶಾಯಿ) ಇರುವ ಪರಿವರ್ತನೆ ಬಳಸಿ, ಬೂದಿನ ಭಾರವನ್ನೆಲ್ಲ ಕಪ್ಪು ಶಾಯಿಗೇ ಹೊರಿಸಲಾಯಿತು. ಬಣ್ಣದ ಶಾಯಿಗಳು ಇದ್ದಿಲಿನ ಬೆಚ್ಚನೆಯ ಛಾಯೆಗೆ ಬೇಕಾದಷ್ಟು ಮಾತ್ರ. ಕಪ್ಪಿನ ಆಳದ ಬಗ್ಗೆ ಆಸೆ ಇಟ್ಟುಕೊಳ್ಳುವಂತಿಲ್ಲ: ಆರ್ಟ್ ಪೇಪರಿನ ಮೇಲೆ ಪೂರ್ತಿ ಕಪ್ಪು ಎಲ್ 16ರ ಹತ್ತಿರ ಇಳಿದರೆ ಈ ಕಾಗದದ ಮೇಲೆ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾಫ್ಟ್ ಪ್ರೂಫಿನಲ್ಲಿ ಕಾಗದದ ಬಣ್ಣ ತೋರಿಸುವ ಆಯ್ಕೆ ಹಾಕಿದರೆ ಇದು ಸ್ಕ್ರೀನಿನಲ್ಲೇ ಕಾಣುತ್ತದೆ. ಹಾಕಿದ ಕ್ಷಣ ಚಿತ್ರ ಸತ್ತಂತೆ ಅನ್ನಿಸುವುದರಿಂದ, ಆ ಗುಂಡಿ ಒತ್ತುವಾಗ ಕಣ್ಣು ಬೇರೆ ಕಡೆ ತಿರುಗಿಸಿ, ಮೆನು ಪಟ್ಟಿಗಳ ಬಿಳಿಯನ್ನು ಮರೆಮಾಡಿ ಆಮೇಲೆ ನೋಡಬೇಕು.

ಯಂತ್ರದ ಬಳಿ

ಎರಡನೇ ಪ್ರೂಫ್ ಒಪ್ಪಿಗೆಯಾದ ಮೇಲೆ ಮುದ್ರಣದ ದಿನ ಉಳಿದದ್ದು ಒಂದೇ ತಕರಾರು, ಅದು ಫೈಲಿನದ್ದಲ್ಲ, ಪುಟ ಜೋಡಣೆಯದು. ಆಫ್‌ಸೆಟ್ ಯಂತ್ರದಲ್ಲಿ ಶಾಯಿಯನ್ನು ಹಾಳೆಯ ಅಗಲಕ್ಕೆ ಪಟ್ಟೆಪಟ್ಟೆಯಾಗಿ ನಿಯಂತ್ರಿಸುತ್ತಾರೆ. ಹಾಳೆ ಓಡುವ ದಿಕ್ಕಿನಲ್ಲಿ ಒಂದರ ಹಿಂದೊಂದು ಬರುವ ಪುಟಗಳಿಗೆ ಒಂದೇ ಪಟ್ಟೆ. ಆ ನೀಲಿ ಚಿತ್ರದ ನೇರ ಹಿಂದೆ ಕ್ಯಾಡ್ಮಿಯಂ ಕಿತ್ತಳೆಯ ಚಿತ್ರ ಕೂತಿತ್ತು. ನೀಲಿ ಪ್ರೂಫಿಗಿಂತ ಕೂದಲೆಳೆಯಷ್ಟು ನೇರಳೆ ಅನ್ನಿಸಿದಾಗ ಮಜೆಂಟಾ ಸಾಂದ್ರತೆಯನ್ನು 0.05 ಇಳಿಸಲಾಯಿತು, ನೀಲಿ ಕೂತಿತು, ಹಿಂದಿನ ಕಿತ್ತಳೆ ಹಳದಿಗೆ ತಿರುಗಿತು. ಪ್ಲೇಟ್ ಆಗಿಹೋದ ಮೇಲೆ ಪುಟ ಬದಲಿಸುವಂತಿಲ್ಲ. ಕೊನೆಗೆ 0.02 ಮಾತ್ರ ಇಳಿಸಿ, ಎರಡನ್ನೂ ಡಿ50 ಮೇಜಿನ ಮೇಲೆ ಪ್ರೂಫಿನ ಪಕ್ಕ ಇಟ್ಟು ನೋಡಿ, ಆ ಹಾಳೆಗೆ ಸಹಿ ಬಿತ್ತು. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು: ಮಜೆಂಟಾ ಇದಕ್ಕಿಂತ ಏರಿದರೆ ನೀಲಿ ಪುಟ ನೋಡಿ, ಇಳಿದರೆ ಕಿತ್ತಳೆ ಪುಟ ನೋಡಿ.